ಅಗ್ಗದ ಮನೆಗೆ ಒಂದು ಕಾರಣ ಇದ್ದೇ ಇರುತ್ತದೆ

ಪ್ರಶ್ನೆ: ಮಹಾನಗರವೊಂದರಲ್ಲಿ ನನಗೆ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಸೇರಬೇಕು. ಅಲ್ಲಿ ಪರಿಚಯದವರು ಯಾರೂ ಇಲ್ಲ. ಇಲ್ಲಿಂದಲೇ ಹುಡುಕಿ ಮೂರು ಅಪಾರ್ಟ್‌ಮೆಂಟ್‌ಗಳನ್ನು ಗುರುತು ಮಾಡಿಕೊಂಡಿದ್ದೇನೆ. ಮೊದಲನೆಯದು ಕಚೇರಿಯಿಂದ ಇಪ್ಪತ್ತು ನಿಮಿಷದ ದಾರಿ, ಆದರೆ ಬಾಡಿಗೆ ಕೈಗೆ ಬರುವ ಸಂಬಳದ ಶೇಕಡಾ 45. ಎರಡನೆಯದರ ಬಾಡಿಗೆ ಶೇಕಡಾ 28 ಮಾತ್ರ, ಆದರೆ ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ. ಮೂರನೆಯದು ಕಚೇರಿಯ ಪಕ್ಕದಲ್ಲೇ ಇದೆ, ಚಿತ್ರಗಳಲ್ಲಿ ಬಹಳ ಚೆನ್ನಾಗಿ ಕಾಣುತ್ತದೆ, ಬಾಡಿಗೆ ಸುತ್ತಲಿನ ಮನೆಗಳ ಅರ್ಧದಷ್ಟು. ಮಾಲೀಕರು ವಿದೇಶದಲ್ಲಿದ್ದಾರಂತೆ, ಮುಂಗಡ ಕಳುಹಿಸಿದರೆ ಬೀಗದ ಕೈಯನ್ನು ಕೊರಿಯರ್ ಮಾಡುತ್ತಾರಂತೆ. ಸಂಬಳದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಬಾಡಿಗೆ ಕೊಡಬಾರದು ಎಂದು ಎಲ್ಲರೂ ಹೇಳುತ್ತಾರೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಮೂರನೆಯದನ್ನು ಈಗಲೇ ಪಟ್ಟಿಯಿಂದ ಹೊಡೆದುಹಾಕಿ. ಅದು ವಂಚನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಪರ ಊರಿನಲ್ಲಿರುವ ಮಾಲೀಕ, ಅರ್ಧ ಬಾಡಿಗೆ, ನೋಡುವ ಮೊದಲೇ ಮುಂಗಡ, ಕೊರಿಯರ್‌ನಲ್ಲಿ ಬೀಗದ ಕೈ: ಈ ನಾಲ್ಕೂ ಒಂದೇ ಜಾಹೀರಾತಿನಲ್ಲಿ ಸೇರಿದರೆ ಇನ್ನೇನನ್ನೂ ಪರೀಕ್ಷಿಸಬೇಕಾಗಿಲ್ಲ. ಇಂಥ ಚಿತ್ರಗಳನ್ನು ಬೇರಾವುದೋ ಮಾರಾಟದ ಜಾಹೀರಾತಿನಿಂದಲೋ ಹೋಟೆಲ್ಲಿನ ಪುಟದಿಂದಲೋ ಎತ್ತಿರುತ್ತಾರೆ. ಚಿತ್ರವನ್ನೇ ಕೊಟ್ಟು ಅಂತರಜಾಲದಲ್ಲಿ ಹುಡುಕುವ ಸೌಲಭ್ಯವನ್ನು ಬಳಸಿದರೆ ಎಷ್ಟೋ ಸಲ ಅದೇ ಕೋಣೆ, ಅದೇ ಪರದೆ ಇನ್ನೊಂದು ದೇಶದ ಇನ್ನೊಂದು ವಿಳಾಸದಲ್ಲಿ ಸಿಗುತ್ತದೆ. ಸಿಗದಿದ್ದರೂ ಹಣ ಕಳುಹಿಸಬೇಡಿ.

ಇದರ ಇನ್ನೂ ಚಾಣಾಕ್ಷ ರೂಪವೊಂದಿದೆ. ಕೆಲವರು ಮನೆಯೊಂದನ್ನು ನಾಲ್ಕು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಅದೇ ಮನೆಯನ್ನು ಹತ್ತಾರು ಜನರಿಗೆ ತೋರಿಸಿ, ಎಲ್ಲರಿಂದಲೂ ಮುಂಗಡ ಪಡೆದು ಮಾಯವಾಗುತ್ತಾರೆ. ಆದ್ದರಿಂದ ಮನೆಯೊಳಗೆ ಕಾಲಿಟ್ಟರೆ ಸಾಲದು; ತೋರಿಸುತ್ತಿರುವವರಿಗೆ ಅದನ್ನು ಬಾಡಿಗೆಗೆ ಕೊಡುವ ಹಕ್ಕಿದೆಯೇ ಎಂಬುದು ತಿಳಿಯಬೇಕು. ಆಸ್ತಿ ತೆರಿಗೆ ರಸೀದಿ ಅಥವಾ ವಿದ್ಯುತ್ ಬಿಲ್ಲಿನಲ್ಲಿರುವ ಹೆಸರು ಅವರ ಗುರುತಿನ ಚೀಟಿಯ ಹೆಸರಿಗೆ ಹೊಂದುತ್ತದೆಯೇ ನೋಡಿ. ಆಸ್ತಿ ದಾಖಲೆಯನ್ನು ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದಾದ ದೇಶಗಳೂ ಇವೆ. ಇಂಗ್ಲೆಂಡ್ ಅವುಗಳಲ್ಲಿ ಒಂದು. ಎದುರು ಮನೆಯವರನ್ನು ವಿಚಾರಿಸುವುದಕ್ಕಂತೂ ಶುಲ್ಕವೇ ಇಲ್ಲ. ನಿಜವಾದ ಮಾಲೀಕರು ಇದರಿಂದ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಅದೂ ಒಂದು ಮಾಹಿತಿಯೇ.

ಆ ಜಾಹೀರಾತನ್ನು ಬದಿಗಿಟ್ಟರೂ ಅದು ಎತ್ತುವ ಪ್ರಶ್ನೆ ಉಳಿಯುತ್ತದೆ: ಒಂದು ಮನೆ ಸುತ್ತಲಿನ ಮನೆಗಳಿಗಿಂತ ಅಗ್ಗವಾಗಿರುವುದು ಏಕೆ? ಮನೆ ಹುಡುಕುವವರಿಗೆ ನಾನು ಹೇಳುವುದೆಲ್ಲ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಕಾರಣವಿಲ್ಲದೆ ಯಾವ ಮನೆಯೂ ಅಗ್ಗವಾಗಿರುವುದಿಲ್ಲ. ಆ ಕಾರಣ ಏನೆಂದು ಮೊದಲು ಪತ್ತೆಮಾಡಿ. ಆಮೇಲೆ ಅದು ನಿಮ್ಮನ್ನು ಕಾಡುತ್ತದೆಯೇ ಎಂದು ಕೇಳಿಕೊಳ್ಳಿ. ಬೇರೆಯವರನ್ನು ಕಾಡುವ, ನಿಮ್ಮನ್ನು ಕಾಡದ ಕಾರಣವಿರುವ ಮನೆಯೇ ನಿಮಗೆ ಬೇಕಾದ ಮನೆ.

ಅದಕ್ಕೆ ಮೊದಲು ನಿಮ್ಮ ಲೆಕ್ಕವನ್ನು ಸರಿಪಡಿಸೋಣ. ಸಂಬಳದ ಮೂರನೆಯ ಒಂದು ಭಾಗ ಎಂಬ ನಿಯಮವನ್ನು ಜನ ಶಾಸ್ತ್ರವಾಕ್ಯದಂತೆ ಉಚ್ಚರಿಸುತ್ತಾರೆ. ಇಂದು ಹೆಚ್ಚಾಗಿ ಕೇಳಿಬರುವ ಶೇಕಡಾ 30ರ ಮಿತಿ ಬಂದದ್ದು ಅಮೆರಿಕದ ಸರ್ಕಾರಿ ವಸತಿ ಯೋಜನೆಗಳಿಂದ. 1969ರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ತಂದ ತಿದ್ದುಪಡಿಯ ಪ್ರಕಾರ ಸರ್ಕಾರಿ ಮನೆಗಳಲ್ಲಿರುವ ಬಡ ಕುಟುಂಬಗಳಿಂದ ಆದಾಯದ ಶೇಕಡಾ 25ಕ್ಕಿಂತ ಹೆಚ್ಚು ಬಾಡಿಗೆ ವಸೂಲಿ ಮಾಡುವಂತಿರಲಿಲ್ಲ. 1981ರಲ್ಲಿ ಅದನ್ನು ಶೇಕಡಾ 30ಕ್ಕೆ ಏರಿಸಿದರು. ಏರಿಸಿದ್ದು ಸರ್ಕಾರದ ಖರ್ಚು ತಗ್ಗಿಸುವುದಕ್ಕೆ. ಕುಟುಂಬವೊಂದು ಎಷ್ಟು ತಾಳಿಕೊಳ್ಳಬಲ್ಲದು ಎಂದು ಯಾರೂ ಅಳೆದು ನೋಡಿ ಏರಿಸಿದ್ದಲ್ಲ. ಆ ಸಂಖ್ಯೆ ಆಮೇಲೆ ಸರ್ಕಾರಿ ವಸತಿಯ ಗೋಡೆ ದಾಟಿ ಜಗತ್ತಿನೆಲ್ಲೆಡೆ ಸಂಚರಿಸಿತು.

ಕಡಿಮೆ ಸಂಬಳದವರಿಗೆ ಶೇಕಡಾ 30 ಕೂಡ ಹೆಚ್ಚೇ, ಏಕೆಂದರೆ ಉಳಿದ 70ರಲ್ಲಿ ಊಟ, ಔಷಧ, ಮನೆಗೆ ಕಳುಹಿಸುವ ಹಣ ಎಲ್ಲವೂ ಆಗಬೇಕು. ದೊಡ್ಡ ಸಂಬಳದವರು ಶೇಕಡಾ 45 ಕೊಟ್ಟೂ ಆರಾಮವಾಗಿರಬಲ್ಲರು. ಆದ್ದರಿಂದ ಎಷ್ಟು ಹೋಗುತ್ತದೆ ಎನ್ನುವುದಕ್ಕಿಂತ ಎಷ್ಟು ಉಳಿಯುತ್ತದೆ ಎಂದು ನೋಡಿ. ಬಾಡಿಗೆ ಬಿಟ್ಟು ಉಳಿದ ಎಲ್ಲ ಅಗತ್ಯಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ: ಸಾಲದ ಕಂತು, ಊರಿಗೆ ಕಳುಹಿಸುವುದು, ಸ್ವಲ್ಪ ಉಳಿತಾಯ, ಎಲ್ಲವೂ ಇರಲಿ. ಸಂಬಳದಿಂದ ಅದನ್ನು ಕಳೆದರೆ ಸಿಗುವುದೇ ನಿಮ್ಮ ಮಿತಿ. ಆ ಮಿತಿಯೊಳಗೆ ಬಾಡಿಗೆಯಷ್ಟೇ ಅಲ್ಲ, ನಿರ್ವಹಣಾ ಶುಲ್ಕ, ನೀರು, ವಿದ್ಯುತ್, ಇಂಟರ್ನೆಟ್, ಓಡಾಟದ ಖರ್ಚೂ ಹಿಡಿಯಬೇಕು. ಜರ್ಮನಿಯ ಜಾಹೀರಾತುಗಳಲ್ಲಿ ಬರೀ ಬಾಡಿಗೆ ಒಂದು ಸಾಲಿನಲ್ಲಿ, ನೀರು ಮತ್ತು ಮನೆ ಬೆಚ್ಚಗಿಡುವ ವೆಚ್ಚ ಸೇರಿದ ಮೊತ್ತ ಇನ್ನೊಂದು ಸಾಲಿನಲ್ಲಿ ಇರುವುದು ವಾಡಿಕೆ. ಆ ವಾಡಿಕೆ ಇಲ್ಲದ ಊರಿನಲ್ಲಿ ಎರಡನೆಯ ಸಾಲನ್ನು ನೀವೇ ಕೇಳಿ ಬರೆದುಕೊಳ್ಳಬೇಕು.

ಈಗ ನಿಮ್ಮ ಮೊದಲೆರಡು ಮನೆಗಳನ್ನು ತೂಗೋಣ. ಸಂಬಳ ನೂರು ಎಂದಿಟ್ಟುಕೊಳ್ಳಿ. ದೂರದ ಮನೆಗೆ ಬಾಡಿಗೆ 28, ಪ್ರಯಾಣಕ್ಕೆ 5 ಹೋಯಿತು ಎನ್ನೋಣ, ಒಟ್ಟು 33. ಹತ್ತಿರದ ಮನೆಗೆ 45, ಪ್ರಯಾಣಕ್ಕೆ 1, ಒಟ್ಟು 46. ಹಣದ ಲೆಕ್ಕದಲ್ಲಿ ದೂರದ ಮನೆಯೇ ಗೆದ್ದಿತು. ಆದರೆ ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 22 ಕೆಲಸದ ದಿನಗಳಲ್ಲಿ 66 ಗಂಟೆ ದಾರಿಯಲ್ಲೇ ಕಳೆಯುತ್ತದೆ. ಹತ್ತಿರದ ಮನೆಯಿಂದಾದರೆ 15 ಗಂಟೆಗೂ ಕಡಿಮೆ. ವ್ಯತ್ಯಾಸ 51 ಗಂಟೆ, ಅಂದರೆ ಆರು ಕೆಲಸದ ದಿನಗಳಿಗಿಂತ ಹೆಚ್ಚು. ಓಡಾಟದ ಒಂದು ಗಂಟೆಗೆ ದುಡಿಮೆಯ ಒಂದು ಗಂಟೆಯ ಸುಮಾರು ಅರ್ಧ ಬೆಲೆ ಕಟ್ಟುವುದು ಸಾರಿಗೆ ಅರ್ಥಶಾಸ್ತ್ರಜ್ಞರಲ್ಲಿ ರೂಢಿ. ದಿನಕ್ಕೆ ಎಂಟು ಗಂಟೆ ದುಡಿಮೆ ಎಂದು ಹಿಡಿದು ಹಾಗೆ ಕಟ್ಟಿದರೆ ಆ 51 ಗಂಟೆಗಳ ಬೆಲೆ ನಿಮ್ಮ ನೂರರಲ್ಲಿ ಹದಿನಾಲ್ಕೂವರೆ. ದೂರದ ಮನೆಯ ನಿಜವಾದ ಮೊತ್ತ 47 ದಾಟಿತು. ಎರಡೂ ಮನೆಗಳು ಹೆಚ್ಚುಕಡಿಮೆ ಒಂದೇ ಬೆಲೆಯವು!

ಇದು ಆಕಸ್ಮಿಕವಲ್ಲ. ನಗರದ ನಡುವಿನಿಂದ ದೂರ ಸರಿದಂತೆ ಪ್ರಯಾಣದ ಹೊರೆ ಎಷ್ಟು ಏರುತ್ತದೋ ಬಾಡಿಗೆ ಅಷ್ಟು ಇಳಿಯುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಅಲೊನ್ಸೊ 1964ರಲ್ಲೇ ಸಿದ್ಧಾಂತವಾಗಿ ಮಂಡಿಸಿದರು. ಅವರಿಗೂ ಮೊದಲು, 1826ರಲ್ಲಿ, ಜರ್ಮನಿಯ ಅರ್ಥಶಾಸ್ತ್ರಜ್ಞ ಫಾನ್ ಥ್ಯೂನೆನ್ ಪಟ್ಟಣದ ಸುತ್ತಲಿನ ಹೊಲಗಳ ಬಗ್ಗೆ ಇದೇ ಮಾತು ಹೇಳಿದ್ದರು: ಬೆಳೆಯನ್ನು ಸಂತೆಗೆ ಸಾಗಿಸುವ ಖರ್ಚು ಹೆಚ್ಚಿದಷ್ಟೂ ಹೊಲದ ಗೇಣಿ ಕಡಿಮೆ. ಹಾಗಾಗಿ ಕೇವಲ ದೂರ ಹೋದ ಮಾತ್ರಕ್ಕೆ ಲಾಭವಾಗುವುದಿಲ್ಲ. ನಿಮ್ಮ ಬಾಡಿಗೆಯಲ್ಲಿ ಇಳಿದದ್ದನ್ನು ದಾರಿ ವಸೂಲಿ ಮಾಡಿಕೊಳ್ಳುತ್ತದೆ.

ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬೇಡಿ. ಸಮಯದ ಬೆಲೆ ಕಾಗದದ ಮೇಲಿನದು. ಅದರಿಂದ ವಿದ್ಯುತ್ ಬಿಲ್ ಕಟ್ಟಲಾಗದು. ಕೈಯಲ್ಲಿ ಉಳಿಯುವ 54ರಲ್ಲಿ ನಿಮ್ಮ ಸಂಸಾರ ಸಾಗದಿದ್ದರೆ ಹತ್ತಿರದ ಮನೆ ಎಷ್ಟೇ ಅನುಕೂಲವಾಗಿದ್ದರೂ ನಿಮಗೆ ಎಟುಕುವುದಲ್ಲ. ಇತ್ತ ದಿನಕ್ಕೆ ಮೂರು ಗಂಟೆ ಬಸ್ಸಿನಲ್ಲಿ ನಿಲ್ಲುವುದನ್ನು ಹೆಚ್ಚಿನವರು ಒಂದು ವರ್ಷಕ್ಕಿಂತ ಹೆಚ್ಚು ತಾಳಿಕೊಳ್ಳುವುದಿಲ್ಲ ಎಂಬುದು ನಾನು ಕಂಡದ್ದು. ಮತ್ತೆ ಮನೆ ಬದಲಾಯಿಸುತ್ತಾರೆ, ಸಾಗಣೆಯ ಖರ್ಚು ಮತ್ತೆ ಬೀಳುತ್ತದೆ. ಆದ್ದರಿಂದ ನನ್ನ ಸಲಹೆ: ಎರಡನ್ನೂ ಈಗ ಒಪ್ಪಬೇಡಿ. ಮೊದಲ ತಿಂಗಳು ಕಚೇರಿಗೆ ಹತ್ತಿರದಲ್ಲಿ ಹಂಚಿಕೊಂಡ ಕೋಣೆಯಲ್ಲೋ ವಸತಿಗೃಹದಲ್ಲೋ ಇರಿ. ಕಾಣದ ಊರಿನ ಕಾಣದ ಮನೆಗೆ ಒಂದು ವರ್ಷದ ಕರಾರು ಮಾಡಿಕೊಳ್ಳುವುದಕ್ಕಿಂತ ಒಂದು ತಿಂಗಳು ಹೆಚ್ಚು ತೆರುವುದು ಅಗ್ಗ. ಆ ತಿಂಗಳಲ್ಲಿ ನಿಜವಾದ ಹುಡುಕಾಟ ಶುರುವಾಗಲಿ.

ಏನನ್ನು ಹುಡುಕುವುದು? ಅಗ್ಗವಾಗಿರಲು ಕಾರಣವಿರುವ ಮನೆಗಳನ್ನು. ಲಿಫ್ಟ್ ಇಲ್ಲದ ಕಟ್ಟಡದ ಮೇಲಿನ ಮಹಡಿ. ವಾಹನ ನಿಲ್ಲಿಸಲು ಜಾಗವಿಲ್ಲದ ಮನೆ. ನಿಮ್ಮಲ್ಲಿ ಕಾರು ಇಲ್ಲವಾದರೆ ಇಲ್ಲದ ಕಾರಿಗಾಗಿ ಪ್ರತಿ ತಿಂಗಳು ಬಾಡಿಗೆ ಕಟ್ಟುವುದೇಕೆ? ಈಜುಕೊಳ, ವ್ಯಾಯಾಮಶಾಲೆ ಇಲ್ಲದ ಹಳೆಯ ಕಟ್ಟಡ. ಹಳೆಯ ಕಾಲದ ಅಡುಗೆಮನೆ, ಮಾಸಿದ ನೆಲಹಾಸು, ಯಾರೂ ಇಷ್ಟಪಡದ ಬಣ್ಣ. ಹೊರನೋಟವೇ ಇಲ್ಲದ, ಎದುರಿನ ಗೋಡೆಯನ್ನು ನೋಡುವ ಕಿಟಕಿ. ಒಳ್ಳೆಯ ಶಾಲೆಗಳು ಹತ್ತಿರವಿರುವ ಬಡಾವಣೆಯಲ್ಲಿ ಬಾಡಿಗೆ ಏರಿರುತ್ತದೆ. ಮಕ್ಕಳಿಲ್ಲದವರು ಆ ಬೆಲೆ ತೆರಬೇಕಾಗಿಲ್ಲ. ಹೆಸರಾದ ಬಡಾವಣೆಯ ಗಡಿಯಾಚೆಗಿನ ಬೀದಿಯಲ್ಲಿ ಅದೇ ಅಂಗಡಿ, ಅದೇ ಬಸ್ ನಿಲ್ದಾಣ ಸಿಗುತ್ತವೆ, ಹೆಸರಿನ ಬೆಲೆ ಮಾತ್ರ ಇರುವುದಿಲ್ಲ. ಹಾಗೆಯೇ ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ ನಿಮಿಷದಲ್ಲಿ ಅಳೆಯಿರಿ. ಕಚೇರಿಯ ಮುಂದೆಯೇ ನಿಲ್ಲುವ ರೈಲು ಮಾರ್ಗದ ಹತ್ತನೆಯ ನಿಲ್ದಾಣ, ಎರಡು ಬಸ್ ಬದಲಿಸಬೇಕಾದ ಹತ್ತಿರದ ಬಡಾವಣೆಗಿಂತ ಬೇಗ ತಲುಪಿಸಬಹುದು.

ನಿಮಗೆ ಸಹಿಸಲಾಗದ್ದನ್ನೂ ಅಷ್ಟೇ ಪ್ರಾಮಾಣಿಕವಾಗಿ ಬರೆದಿಟ್ಟುಕೊಳ್ಳಿ. ಸದ್ದಿಗೆ ಎಚ್ಚರವಾಗುವವರಿಗೆ ಹೆದ್ದಾರಿಯ ಬದಿಯ ಮನೆ ಯಾವ ಬೆಲೆಗೂ ಅಗ್ಗವಲ್ಲ. ಮೊಣಕಾಲು ನೋವಿರುವ ತಾಯಿ ಬಂದು ಉಳಿಯುತ್ತಾರಾದರೆ ನಾಲ್ಕನೆಯ ಮಹಡಿ ಬೇಡ. ಇನ್ನು ಕೆಲವು ಕಾರಣಗಳನ್ನು ಯಾರೂ ಒಪ್ಪಬಾರದು: ಗೋಡೆಯ ತೇವ, ಹಳೆಯ ಅಪಾಯಕಾರಿ ವೈರಿಂಗ್, ನೀರಿನ ಅಭಾವ, ತುರ್ತಿನಲ್ಲಿ ಹೊರಬರಲು ದಾರಿಯಿಲ್ಲದಿರುವುದು, ಮಾಲೀಕತ್ವದ ವ್ಯಾಜ್ಯ. ಮನೆಯ ಒಂದೇ ಮೂಲೆಗೆ ಮಾತ್ರ ಹೊಸ ಬಣ್ಣವಿದ್ದರೆ ಅಲ್ಲಿ ಕೈಯಿಟ್ಟು ನೋಡಿ, ಮೂಗಿಟ್ಟು ನೋಡಿ. ಮೇಲಿನ ಮನೆಯ ಸ್ನಾನಗೃಹ ಎಲ್ಲಿದೆ ಎಂದು ವಿಚಾರಿಸಿ.

ಮನೆ ನೋಡಲು ಹೋದಾಗ ಜನ ಸೋಫಾ ಎಲ್ಲಿ ಇಡುವುದು ಎಂದು ಯೋಚಿಸುತ್ತಾ ನಿಲ್ಲುತ್ತಾರೆ. ಅದನ್ನು ಬಿಟ್ಟು ಎಲ್ಲ ನಲ್ಲಿಗಳನ್ನು ತೆರೆಯಿರಿ, ಫ್ಲಷ್ ಒತ್ತಿ, ಒಂದು ನಲ್ಲಿ ತೆರೆದಿರುವಾಗ ಇನ್ನೊಂದರಲ್ಲಿ ನೀರಿನ ರಭಸ ಕುಗ್ಗುತ್ತದೆಯೇ ನೋಡಿ. ಒಳಕೋಣೆಯಲ್ಲಿ ನಿಂತು ಮೊಬೈಲ್ ಕರೆ ಮಾಡಿ. ವಿದ್ಯುತ್ ಮೀಟರ್ ನಿಮ್ಮ ಮನೆಗೇ ಪ್ರತ್ಯೇಕವಾಗಿದೆಯೇ ಕೇಳಿ. ಹಗಲು ನೋಡಿದ ಮನೆಯನ್ನು ರಾತ್ರಿ ಹತ್ತರ ಹೊತ್ತಿಗೆ ಇನ್ನೊಮ್ಮೆ ನೋಡಿ. ಕೆಳಗಿನ ಅಂಗಡಿ ರಾತ್ರಿ ಏನಾಗುತ್ತದೆ ಎಂಬುದು ಹಗಲಿನಲ್ಲಿ ತಿಳಿಯುವುದಿಲ್ಲ. ಕೆಲಸದ ದಿನದ ಬೆಳಿಗ್ಗೆ ಅಲ್ಲಿಂದ ಕಚೇರಿಗೆ ಒಮ್ಮೆ ಪ್ರಯಾಣ ಮಾಡಿ, ಏಕೆಂದರೆ ಮೊಬೈಲ್ ನಕ್ಷೆ ಭಾನುವಾರ ತೋರಿಸುವ ನಿಮಿಷಗಳು ಸೋಮವಾರಕ್ಕೆ ಅನ್ವಯಿಸುವುದಿಲ್ಲ. ಕೊನೆಯದಾಗಿ, ಹಿಂದಿನ ಬಾಡಿಗೆದಾರರು ಏಕೆ ಬಿಟ್ಟರು ಎಂದು ಮಾಲೀಕರನ್ನೂ ಕಾವಲುಗಾರರನ್ನೂ ಬೇರೆ ಬೇರೆಯಾಗಿ ಕೇಳಿ. ಎರಡು ಉತ್ತರಗಳು ಒಂದೇ ಆಗಿದ್ದರೆ ನಿಶ್ಚಿಂತೆ.

ಹುಡುಕುವ ದಾರಿಯಲ್ಲೂ ಇದೇ ತರ್ಕ. ಒಳ್ಳೆಯ ಚಿತ್ರಗಳಿರುವ ಜಾಹೀರಾತನ್ನು ಸಾವಿರ ಜನ ನೋಡಿರುತ್ತಾರೆ, ಅಲ್ಲಿ ಬಾಡಿಗೆ ಇಳಿಯುವುದಿಲ್ಲ. ಮಸುಕು ಚಿತ್ರ, ಎರಡೇ ಸಾಲಿನ ವಿವರಣೆ ಇರುವ ಜಾಹೀರಾತನ್ನು ಹೆಚ್ಚಿನವರು ದಾಟಿ ಹೋಗುತ್ತಾರೆ. ನೀವು ಹೋಗಿ ನೋಡಿ. ಇನ್ನು ಎಷ್ಟೋ ಮನೆಗಳು ಜಾಲತಾಣಕ್ಕೆ ಬರುವುದೇ ಇಲ್ಲ. ದಲ್ಲಾಳಿಗಳ ಕಾಟ ಬೇಡವೆನ್ನುವ ಮಾಲೀಕರು ಗೇಟಿಗೆ ಫಲಕ ನೇತುಹಾಕಿ ಸುಮ್ಮನಿರುತ್ತಾರೆ. ನಿಮಗೆ ಹೊಂದುವ ನಾಲ್ಕು ಬೀದಿಗಳನ್ನು ಆರಿಸಿಕೊಂಡು ಸಂಜೆ ಕಾಲ್ನಡಿಗೆಯಲ್ಲಿ ಸುತ್ತಿ. ಕಾವಲುಗಾರರನ್ನು, ಇಸ್ತ್ರಿ ಅಂಗಡಿಯವರನ್ನು, ದಿನಸಿ ಅಂಗಡಿಯವರನ್ನು ಕೇಳಿ. ಮುಂದಿನ ತಿಂಗಳು ಯಾರು ಖಾಲಿ ಮಾಡುತ್ತಾರೆ ಎಂಬ ಸುದ್ದಿ ಅವರಿಗೆ ಮಾಲೀಕರಿಗಿಂತ ಮೊದಲೇ ತಲುಪಿರುತ್ತದೆ. ಕಚೇರಿಗೆ ಸೇರಿದ ದಿನವೇ ಸಹೋದ್ಯೋಗಿಗಳಿಗೂ ಹೇಳಿಡಿ.

ದಲ್ಲಾಳಿಯ ಮೂಲಕ ಹೋದರೆ ಶುಲ್ಕ ಎಷ್ಟು, ಯಾವಾಗ ಕೊಡಬೇಕು ಎಂಬುದು ಮೊದಲ ಮನೆ ನೋಡುವ ಮುನ್ನವೇ ಇತ್ಯರ್ಥವಾಗಲಿ. ಮನೆ ತೋರಿಸುವುದಕ್ಕೇ ಹಣ ಕೇಳುವವರ ಸಹವಾಸ ಬೇಡ. ದಲ್ಲಾಳಿಯನ್ನು ನೇಮಿಸಿದವರೇ ಶುಲ್ಕ ಕೊಡಬೇಕು ಎಂಬ ನಿಯಮ ಜರ್ಮನಿಯಲ್ಲಿ 2015ರಲ್ಲಿ, ನ್ಯೂಯಾರ್ಕ್ ನಗರದಲ್ಲಿ 2025ರಲ್ಲಿ ಜಾರಿಗೆ ಬಂತು. ನೀವು ಹೋಗುವ ನಗರದ ನಿಯಮವೇನೆಂದು ತಿಳಿದುಕೊಂಡು ಹೋಗಿ.

ಚೌಕಾಸಿಗೆ ನಾಚಬೇಡಿ, ಆದರೆ ಲೆಕ್ಕ ಹಿಡಿದುಕೊಂಡು ಮಾತನಾಡಿ. ಮನೆ ಒಂದು ತಿಂಗಳು ಖಾಲಿ ಬಿದ್ದರೆ ಮಾಲೀಕರಿಗೆ ವರ್ಷದ ಆದಾಯದಲ್ಲಿ ಶೇಕಡಾ 8ಕ್ಕಿಂತ ಹೆಚ್ಚು ನಷ್ಟ. ಬಾಡಿಗೆಯಲ್ಲಿ ಶೇಕಡಾ 5 ಇಳಿಸಿದರೆ ಆಗುವ ವರ್ಷದ ನಷ್ಟ ಬರೀ ಹದಿನೆಂಟು ದಿನ ಖಾಲಿ ಬಿದ್ದಷ್ಟು. ಹಾಗಾಗಿ ನಾಳೆಯೇ ಬರಲು ಸಿದ್ಧನಿರುವ, ಎರಡು ವರ್ಷ ಇರುತ್ತೇನೆನ್ನುವ ಬಾಡಿಗೆದಾರನ ಮಾತಿಗೆ ತೂಕವಿದೆ. ಜಾಹೀರಾತು ಎಷ್ಟು ದಿನದಿಂದ ಇದೆ ಎಂಬುದನ್ನು ಗಮನಿಸಿ. ನಿಮ್ಮ ಪಟ್ಟಿಯ ಮೊದಲ ಮನೆ ಮೂರು ವಾರಗಳ ನಂತರವೂ ಖಾಲಿಯಿದ್ದರೆ ಅದರ ಮಾಲೀಕರೊಡನೆ ಮಾತನಾಡಲು ಅದೇ ಸಮಯ. ಬಾಡಿಗೆ ಇಳಿಸುವುದಿಲ್ಲ, ಮೊದಲ ತಿಂಗಳು ಬಿಟ್ಟುಕೊಡುತ್ತೇವೆ ಎಂದು ಕೆಲವರು ಹೇಳುತ್ತಾರೆ. ಆ ವರ್ಷಕ್ಕೆ ಅದೂ ಲಾಭವೇ, ಆದರೆ ಮುಂದಿನ ವರ್ಷದ ಏರಿಕೆ ದೊಡ್ಡ ಮೊತ್ತದ ಮೇಲೆ ಲೆಕ್ಕವಾಗುತ್ತದೆ. ಬಹುಕಾಲ ಇರುವವರಿಗೆ ಸಣ್ಣ ಇಳಿಕೆಯೇ ಮೇಲು. ಶೈಕ್ಷಣಿಕ ವರ್ಷ ಆರಂಭವಾಗುವ ತಿಂಗಳುಗಳಲ್ಲಿ ಮಾತ್ರ ಇದಾವುದೂ ನಡೆಯುವುದಿಲ್ಲ. ಆಗ ಬಾಗಿಲಲ್ಲಿ ಸಾಲು ನಿಂತಿರುತ್ತದೆ.

ಒಳ್ಳೆಯ ಮನೆ ಕಂಡಾಗ ತಡಮಾಡದಿರಲು ಕಾಗದಪತ್ರ ಸಿದ್ಧವಿರಲಿ: ನೇಮಕಾತಿ ಪತ್ರ, ಸಂಬಳದ ಚೀಟಿ, ಗುರುತಿನ ಚೀಟಿ, ಹಿಂದಿನ ಮನೆ ಮಾಲೀಕರಿಂದ ಎರಡು ಸಾಲಿನ ಪತ್ರ. ಮಾಲೀಕರ ಮನಸ್ಸಿನಲ್ಲಿರುವ ಭಯ ಎರಡೇ, ಬಾಡಿಗೆ ನಿಲ್ಲುತ್ತದೆಯೇ, ಮನೆ ಹಾಳಾಗುತ್ತದೆಯೇ ಎಂದು. ಅವೆರಡನ್ನೂ ತಣಿಸುವವರಿಗೆ ಸ್ವಲ್ಪ ಕಡಿಮೆಗೂ ಕೊಡುತ್ತಾರೆ.

ಮನೆ ಹಂಚಿಕೊಳ್ಳುವ ಯೋಚನೆ ನಿಮ್ಮ ಪ್ರಶ್ನೆಯಲ್ಲಿ ಇರಲಿಲ್ಲ. ಒಮ್ಮೆ ಯೋಚಿಸಿ. ಮೂರು ಮಲಗುವ ಕೋಣೆಗಳ ಮನೆಯ ಬಾಡಿಗೆ ಒಂದು ಕೋಣೆಯ ಮನೆಯ ಮೂರು ಪಟ್ಟು ಇರುವುದು ಅಪರೂಪ, ಏಕೆಂದರೆ ಅಡುಗೆಮನೆ, ನಡುಮನೆ ಒಂದೊಂದೇ. ಆದರೆ ಕರಾರಿನಲ್ಲಿ ಎಲ್ಲರೂ ಒಟ್ಟಾಗಿ ಸಹಿ ಹಾಕಿದರೆ, ಒಬ್ಬರು ಬಾಡಿಗೆ ಕೊಡದೆ ಹೋದಾಗ ಪೂರ್ತಿ ಮೊತ್ತವನ್ನು ಉಳಿದವರಿಂದ ಕೇಳುವ ಹಕ್ಕು ಅನೇಕ ಕಡೆ ಮಾಲೀಕರಿಗಿದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಕರಾರು ಸಿಗುವುದಾದರೆ ಅದನ್ನೇ ಕೇಳಿ.

ಮುಂಗಡದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಗ್ಗದ ಬಾಡಿಗೆಯ ಹಿಂದೆ ಹೆಚ್ಚಾಗಿ ಅಡಗಿರುವುದು ಅದೇ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೊಟ್ಟರೆ, ಅದೇ ಹಣಕ್ಕೆ ಶೇಕಡಾ 6ರಷ್ಟು ಬಡ್ಡಿ ಬರುತ್ತಿತ್ತು ಎಂದುಕೊಂಡರೂ, ವರ್ಷದ ಬಾಡಿಗೆ ಶೇಕಡಾ 5ರಷ್ಟು ಏರಿದಂತೆ. ಸಾಲ ತಂದು ಕೊಟ್ಟರೆ ಇನ್ನೂ ಹೆಚ್ಚು. ದಕ್ಷಿಣ ಕೊರಿಯಾದಲ್ಲಿ ಜೊನ್ಸೆ ಎಂಬ ಪದ್ಧತಿಯಿದೆ: ಮನೆಯ ಬೆಲೆಯ ಅರ್ಧಕ್ಕೂ ಮಿಕ್ಕಿದ ಮೊತ್ತವನ್ನು ಠೇವಣಿಯಾಗಿ ಕೊಟ್ಟರೆ ತಿಂಗಳ ಬಾಡಿಗೆಯೇ ಇಲ್ಲ. ಕೇಳಲು ಸೊಗಸು. ಮನೆಗಳ ಬೆಲೆ ಕುಸಿದಾಗ ಅನೇಕ ಮಾಲೀಕರಿಗೆ ಠೇವಣಿ ಹಿಂದಿರುಗಿಸಲಾಗಲಿಲ್ಲ, ವಂಚನೆಗಳೂ ಬಯಲಾದವು. ಸಂತ್ರಸ್ತರಿಗಾಗಿ 2023ರಲ್ಲಿ ಅಲ್ಲಿ ವಿಶೇಷ ಕಾನೂನನ್ನೇ ತರಬೇಕಾಯಿತು. ಮಾಲೀಕರ ಕೈಯಲ್ಲಿ ನಿಮ್ಮ ಹಣ ಹೆಚ್ಚಿದಷ್ಟೂ ನೀವು ಅವರಿಗೆ ಸಾಲ ಕೊಟ್ಟಂತೆ, ಅದೂ ಬಡ್ಡಿಯಿಲ್ಲದೆ, ಅಡಮಾನವಿಲ್ಲದೆ.

ಕಾನೂನು ಕೆಲವು ಕಡೆ ಇದಕ್ಕೆ ಮಿತಿ ಹಾಕಿದೆ. ಜರ್ಮನಿಯಲ್ಲಿ ಗರಿಷ್ಠ ಮೂರು ತಿಂಗಳ ಬಾಡಿಗೆ, ಅದನ್ನೂ ಮೂರು ಕಂತುಗಳಲ್ಲಿ ಕೊಡಬಹುದು. ಇಂಗ್ಲೆಂಡಿನಲ್ಲಿ 2019ರಿಂದ ಸಾಮಾನ್ಯ ಮನೆಗಳಿಗೆ ಐದು ವಾರಗಳ ಬಾಡಿಗೆಯಷ್ಟೇ. ಮಾಲೀಕರು ಅದನ್ನು 30 ದಿನಗಳೊಳಗೆ ಮಾನ್ಯತೆ ಪಡೆದ ಠೇವಣಿ ರಕ್ಷಣಾ ಯೋಜನೆಯಡಿ ತರಬೇಕು. ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗಳಿಗೆ ಎರಡು ತಿಂಗಳ ಮಿತಿ ಹೇಳುತ್ತದೆ, ಆದರೆ ರಾಜ್ಯಗಳು ಅದನ್ನು ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಮಿತಿ ಇಲ್ಲದ ಕಡೆ ಮುಂಗಡವನ್ನೂ ಬಾಡಿಗೆಯಂತೆಯೇ ಚೌಕಾಸಿ ಮಾಡಬಹುದು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಎಷ್ಟೋ ಮಾಲೀಕರು ಬಾಡಿಗೆಗಿಂತ ಇದರಲ್ಲಿ ಬೇಗ ಸಡಿಲವಾಗುತ್ತಾರೆ.

ಕರಾರು ಪತ್ರವನ್ನು ಪೂರ್ತಿ ಓದಿ. ನಾಲ್ಕು ಸಂಗತಿ ಅದರಲ್ಲಿ ಸ್ಪಷ್ಟವಾಗಿರಬೇಕು. ವಾರ್ಷಿಕ ಏರಿಕೆ ಎಷ್ಟು: ನೂರರ ಬಾಡಿಗೆ ವರ್ಷಕ್ಕೆ ಶೇಕಡಾ 10ರಂತೆ ಏರಿದರೆ ಮೂರನೆಯ ವರ್ಷಕ್ಕೆ 121 ಆಗುತ್ತದೆ, ಶೇಕಡಾ 5ರಂತೆ ಏರಿದರೆ 110. ಅವಧಿಗೆ ಮುನ್ನ ಬಿಟ್ಟರೆ ಏನು ಕಳೆದುಕೊಳ್ಳುತ್ತೀರಿ, ಎಷ್ಟು ದಿನದ ನೋಟಿಸ್ ಕೊಡಬೇಕು. ಯಾವ ದುರಸ್ತಿ ಯಾರ ಖರ್ಚು. ಮುಂಗಡದಿಂದ ಏನೇನು ಕಡಿತವಾಗುತ್ತದೆ, ಉಳಿದದ್ದು ಖಾಲಿ ಮಾಡಿದ ಎಷ್ಟು ದಿನಗಳಲ್ಲಿ ಕೈಸೇರುತ್ತದೆ. ಕೊನೆಯ ಎರಡನ್ನು ಬಾಯಿಮಾತಿನಲ್ಲಿ ಬಿಟ್ಟವರೇ ಆಮೇಲೆ ನನಗೆ ಪತ್ರ ಬರೆಯುವವರು. ಬಣ್ಣ ಬಳಿಯಲು ಇಂತಿಷ್ಟು ಕಡಿತ ಎಂದಿದ್ದರೆ ಮೊತ್ತವನ್ನು ಅಂಕಿಯಲ್ಲಿ ಬರೆಸಿ.

ಸಾಮಾನು ಒಳಗೆ ತರುವ ಮೊದಲು ಖಾಲಿ ಮನೆಯ ವೀಡಿಯೊ ತೆಗೆಯಿರಿ: ಪ್ರತಿ ಗೋಡೆ, ಪ್ರತಿ ನಲ್ಲಿ, ಒಡೆದ ಹಂಚು, ಸಡಿಲ ಬಾಗಿಲು, ಮೀಟರಿನ ಅಂಕಿ. ಅದನ್ನು ಅದೇ ದಿನ ಮಾಲೀಕರಿಗೆ ಕಳುಹಿಸಿ, ಅವರ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ಹಣವನ್ನೆಲ್ಲ ಬ್ಯಾಂಕಿನ ಮೂಲಕವೇ ಕೊಡಿ. ನಗದೇ ಬೇಕೆಂದು ಹಟ ಹಿಡಿದರೆ ಸಹಿ ಮಾಡಿದ ರಸೀದಿ ಕೈಗೆ ಬರುವವರೆಗೆ ನೋಟು ನಿಮ್ಮ ಜೇಬಿನಲ್ಲೇ ಇರಲಿ.